ಪಟ್ಟಿಗೆ ಸೇರದವರ ಎರಡು ದಿನ

ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಬರ್ಗಂಡಿ ಸೀಮೆಯ ಕ್ಲೂನಿ ಮಠಕ್ಕೆ ಒಂದು ವಿಚಿತ್ರ ಪೇಚು ಬಂದೊದಗಿತು. ಮಠದಲ್ಲಿ ಉಣ್ಣುವ ಸನ್ಯಾಸಿಗಳು ಮುನ್ನೂರು ಚಿಲ್ಲರೆ. ಆದರೆ ತೀರಿಹೋದ ಸನ್ಯಾಸಿಗಳ ಹೆಸರಿನಲ್ಲಿ ಉಣ್ಣುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು. ನಿಯಮವೇನೋ ಸರಳವಾದದ್ದು. ಒಬ್ಬ ಸನ್ಯಾಸಿ ಸತ್ತರೆ ಮೂವತ್ತು ದಿನ ಅವನ ಪಾಲಿನ ಊಟ ಒಬ್ಬ ಬಡವನಿಗೆ ಸಲ್ಲಬೇಕು; ಮುಂದೆ ಪ್ರತಿ ವರ್ಷ ಆ ದಿನ ಬಂದಾಗ ಮತ್ತೆ ಒಬ್ಬ ಬಡವನಿಗೆ ಉಣಬಡಿಸಬೇಕು. ಸತ್ತವರ ಹೆಸರುಗಳನ್ನು ದಿನಾಂಕದ ಪ್ರಕಾರ ಬರೆದಿಟ್ಟ ಪುಸ್ತಕವೊಂದು ಮಠದಲ್ಲಿತ್ತು. ಆಯಾ ದಿನದ ಪುಟ ತೆರೆದು ಹೆಸರುಗಳನ್ನು ಓದುವರು, ಹೆಸರಿಗೊಂದು ಊಟದಂತೆ ಬಾಗಿಲಲ್ಲಿ ಕಾದವರಿಗೆ ಕೊಡುವರು. ಇನ್ನೂರು ವರ್ಷಗಳಲ್ಲಿ ಪುಟಗಳು ತುಂಬಿ ಅಂಚಿಗೆ ಬಂದವು. ಬದುಕಿರುವವರ ಸಂಖ್ಯೆ ಏರಬಹುದು, ಇಳಿಯಬಹುದು. ಸತ್ತವರ ಸಂಖ್ಯೆ ಇಳಿಯುವ ಮಾತೇ ಇಲ್ಲ. ಕೊನೆಗೆ 1122ರಿಂದ 1156ರವರೆಗೆ ಮಠಾಧಿಪತಿಯಾಗಿದ್ದ ಪೀಟರ್ ಕಣಜದ ಲೆಕ್ಕ ನೋಡಿ, ದಿನಕ್ಕೆ 50 ಊಟಕ್ಕಿಂತ ಹೆಚ್ಚು ಬೇಡವೆಂದು ಕಟ್ಟಪ್ಪಣೆ ಮಾಡಿದ. ಆ ಮಿತಿಯಲ್ಲೂ ವರ್ಷಕ್ಕೆ 18,250 ಊಟ!

ಕ್ರೈಸ್ತ ಪಂಚಾಂಗದಲ್ಲಿ ನವೆಂಬರ್ 1 ಸಕಲ ಸಂತರ ಹಬ್ಬ, ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಮೊದಲ ದಿನ ಗುರುಗಳು ಬಿಳಿ ವಸ್ತ್ರ ತೊಟ್ಟು ಬಲಿಪೂಜೆ ಅರ್ಪಿಸುತ್ತಾರೆ, ಚರ್ಚಿನಲ್ಲಿ ಸಂಭ್ರಮ. ಮರುದಿನ ವಸ್ತ್ರ ನೇರಳೆಗೆ ತಿರುಗುತ್ತದೆ, ಜನ ಸ್ಮಶಾನಕ್ಕೆ ಹೊರಡುತ್ತಾರೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಈ ಎರಡು ದಿನಗಳ ಹುಟ್ಟೂರು ಬೇರೆ, ವಯಸ್ಸೂ ಬೇರೆ. ಆದರೆ ಎರಡರ ಹಿಂದೆಯೂ ಇರುವುದು ಕ್ಲೂನಿಯ ಅಡುಗೆಮನೆಯಲ್ಲಿ ಕಾಣಿಸಿಕೊಂಡ ತೊಡಕೇ. ಸತ್ತವರನ್ನು ಹೆಸರು ಹಿಡಿದು ನೆನೆಯಬೇಕೆಂಬ ಆಸೆ ದೊಡ್ಡದು, ಆದರೆ ಹೆಸರು ಬರೆಯುವ ಪಟ್ಟಿ ಚಿಕ್ಕದು. ಪಟ್ಟಿಗೆ ಸೇರದೆ ಉಳಿದವರ ಲೆಕ್ಕವನ್ನು ಒಟ್ಟಾಗಿ ತೀರಿಸಲು ಹುಟ್ಟಿದ ಹಬ್ಬಗಳಿವು ಎಂಬುದು ಈ ಉಪನ್ಯಾಸದ ವಾದ.

ಮೊದಲು ಸಂತರ ಕಥೆ. ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳನ್ನು ಅವರು ಸತ್ತ ದಿನವೇ ನೆನೆಯುವುದು ಆದಿ ಕ್ರೈಸ್ತರ ರೂಢಿ. ಆ ದಿನವನ್ನು ಅವರು ಹುಟ್ಟುಹಬ್ಬ ಎನ್ನುತ್ತಿದ್ದರು, ಅಂದರೆ ಸ್ವರ್ಗದಲ್ಲಿ ಹುಟ್ಟಿದ ದಿನ. ಎರಡನೆಯ ಶತಮಾನದ ನಡುಗಾಲದಲ್ಲಿ ಸ್ಮಿರ್ನಾ ಪಟ್ಟಣದ ಬಿಷಪ್ ಪೊಲಿಕಾರ್ಪ್‌ನನ್ನು ಸುಟ್ಟಾಗ ಅವನ ಜನ ಎಲುಬುಗಳನ್ನು ಆಯ್ದಿಟ್ಟುಕೊಂಡು, ವರ್ಷವರ್ಷವೂ ಅಲ್ಲಿ ಸೇರುವುದಾಗಿ ಪತ್ರ ಬರೆದರು. ಊರಿಗೊಬ್ಬರೋ ಇಬ್ಬರೋ ಇದ್ದಾಗ ಇದು ನಡೆಯುತ್ತಿತ್ತು. 303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಶುರುಮಾಡಿದ ಕಿರುಕುಳದಲ್ಲಿ ಗುಂಪುಗುಂಪಾಗಿ ಜನ ಸತ್ತರು. ಎಷ್ಟೋ ಮಂದಿಯ ಹೆಸರು ಬರೆದಿಡಲು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ವರ್ಷದಲ್ಲಿ ಇರುವುದೇ 365 ದಿನ. ಆದ್ದರಿಂದ ಪೂರ್ವದ ಕ್ರೈಸ್ತ ಸಭೆಗಳು ಎಲ್ಲ ರಕ್ತಸಾಕ್ಷಿಗಳಿಗೂ ಸೇರಿ ಒಂದು ದಿನ ಎತ್ತಿಟ್ಟವು. ಆಂಟಿಯೋಕ್‌ನಲ್ಲಿ ಅದು ಪೆಂತೆಕೋಸ್ತ್ ಹಬ್ಬದ ನಂತರದ ಭಾನುವಾರ. ಗ್ರೀಸ್, ರಷ್ಯಾಗಳ ಆರ್ಥೊಡಾಕ್ಸ್ ಕ್ರೈಸ್ತರು ಇಂದಿಗೂ ಅದೇ ಭಾನುವಾರ ಆಚರಿಸುತ್ತಾರೆ, ನವೆಂಬರಿನ ಗೊಡವೆ ಅವರಿಗಿಲ್ಲ.

ರೋಮಿನಲ್ಲಿ ಈ ಹಬ್ಬಕ್ಕೆ ಒಂದು ಕಟ್ಟಡವೇ ಸಿಕ್ಕಿತು. ಸಮಸ್ತ ದೇವತೆಗಳ ಗುಡಿಯೆಂದು ಹೆಸರಾಗಿದ್ದ ಪ್ಯಾಂಥಿಯನ್ ಅನ್ನು ಚಕ್ರವರ್ತಿ ಫೋಕಸ್‌ನಿಂದ ಕೇಳಿ ಪಡೆದ ಪೋಪ್ ನಾಲ್ಕನೆಯ ಬೋನಿಫೇಸ್, 609ರ ಸುಮಾರಿಗೆ, ಮೇ 13ರಂದು ಅದನ್ನು ಮರಿಯಮ್ಮನಿಗೂ ಸಕಲ ರಕ್ತಸಾಕ್ಷಿಗಳಿಗೂ ಅರ್ಪಿಸಿದ. ಸುರಂಗ ಸಮಾಧಿಗಳಿಂದ 28 ಬಂಡಿ ಎಲುಬು ತಂದು ಅಲ್ಲಿ ಇಟ್ಟರೆಂಬುದು ಐತಿಹ್ಯ. ಬಂಡಿಯಲ್ಲಿ ಬಂದ ಎಲುಬಿಗೆ ಹೆಸರು ಕೇಳುವವರು ಯಾರು? ಚರ್ಚಾದದ್ದರಿಂದಲೇ ಆ ಕಟ್ಟಡದ ಕಲ್ಲುಗಳು ಊರವರ ಗೋಡೆ ಸೇರದೆ ಉಳಿದವು. ಇವತ್ತು ರೋಮಿಗೆ ಹೋದವರು ತಲೆಯೆತ್ತಿ ನೋಡುವ ಆ ಬಯಲು ಬೆಳಕಿಂಡಿಯ ಗುಮ್ಮಟ ಅದೇ.

ಮೇ 13 ಎಂಬ ತಾರೀಖಿಗೂ ಒಂದು ಹಿನ್ನೆಲೆಯಿದೆ. ಹಳೆಯ ರೋಮನ್ನರು ಮೇ 9, 11 ಮತ್ತು 13ರಂದು ಲೆಮೂರಿಯಾ ಎಂಬ ಪ್ರೇತಶಾಂತಿ ಮಾಡುತ್ತಿದ್ದರು. ಕವಿ ಓವಿಡ್ ಅದನ್ನು ವಿವರಿಸಿದ್ದಾನೆ. ಮನೆಯ ಯಜಮಾನ ನಡುರಾತ್ರಿ ಬರಿಗಾಲಲ್ಲಿ ಎದ್ದು ಕೈತೊಳೆದು, ಕಪ್ಪು ಅವರೆಯಂಥ ಕಾಳುಗಳನ್ನು ಹಿಂದಕ್ಕೆ ಎಸೆಯುತ್ತ, ತಿರುಗಿ ನೋಡದೆ, ಪಿತೃಗಳನ್ನು ಮನೆಯಿಂದ ಆಚೆಗೆ ಕಳುಹಿಸಬೇಕು. ಎರಡಕ್ಕೂ ನಂಟಿತ್ತೇ ಎಂಬ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ಇಟಲಿಯ ಬೇಕರಿಗಳಲ್ಲಂತೂ ನವೆಂಬರ್ ಮೊದಲ ವಾರ ಕಾಳಿನ ಆಕಾರದ ಬಾದಾಮಿ ಬಿಸ್ಕತ್ತು ಮಾರಾಟಕ್ಕೆ ಬರುತ್ತದೆ, ಹೆಸರು ‘ಸತ್ತವರ ಕಾಳು’.

ಮೇ ತಿಂಗಳ ಹಬ್ಬ ನವೆಂಬರಿಗೆ ಬಂದದ್ದು ಹೇಗೆ? ಎಂಟನೆಯ ಶತಮಾನದಲ್ಲಿ ಪೋಪ್ ಮೂರನೆಯ ಗ್ರೆಗರಿ ಸಂತ ಪೇತ್ರರ ಮಹಾದೇವಾಲಯದಲ್ಲಿ ಸಕಲ ಸಂತರಿಗಾಗಿ ಒಂದು ಪ್ರಾರ್ಥನಾಲಯ ಕಟ್ಟಿಸಿದ. 800ರ ಹೊತ್ತಿಗೆ ವಿದ್ವಾಂಸ ಆಲ್ಕ್ವಿನ್ ನವೆಂಬರ್ 1ರ ಪರ ಪ್ರಚಾರ ಮಾಡುತ್ತಿದ್ದ. 835ರ ಸುಮಾರಿಗೆ ಫ್ರಾಂಕರ ದೊರೆ ಧರ್ಮಿಷ್ಠ ಲೂಯಿ ಅದನ್ನು ತನ್ನ ರಾಜ್ಯಕ್ಕೆಲ್ಲ ವಿಧಿಸಿದ. ಅದೇ ಹೊತ್ತಿಗೆ ಬರುತ್ತಿದ್ದ ಐರಿಷ್ ಜನರ ಹಳೆಯ ಸಾವಿನ್ ಹಬ್ಬವನ್ನು ಅಳಿಸಲು ಕ್ರೈಸ್ತ ಸಭೆ ಹೂಡಿದ ತಂತ್ರ ಇದು ಎಂಬ ಮಾತು ಹ್ಯಾಲೊವೀನ್ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹೇಳಲು ಸೊಗಸಾಗಿದೆ, ಆಧಾರ ಮಾತ್ರ ತೆಳು. ಅದೇ ಕಾಲದ ಐರಿಷ್ ಸಂತಪಂಚಾಂಗ ಸಕಲ ಸಂತರ ಹಬ್ಬವನ್ನು ಏಪ್ರಿಲ್ 20ಕ್ಕೆ ಇಟ್ಟಿದೆ. ನವೆಂಬರಿನ ಒತ್ತಡ ಬಂದದ್ದು ಜರ್ಮನಿಯ ಕಡೆಯಿಂದ ಎಂದು ಇತಿಹಾಸಕಾರ ರೊನಾಲ್ಡ್ ಹಟನ್ ತೋರಿಸಿಕೊಟ್ಟಿದ್ದಾರೆ. ಸಾವಿನ್ ಕಥೆಗಿಂತ ನಂಬಬಹುದಾದ ಒಂದು ಸಮಜಾಯಿಷಿಯನ್ನು ಹನ್ನೆರಡನೆಯ ಶತಮಾನದ ಜಾನ್ ಬೆಲೆತ್ ಕೊಟ್ಟಿದ್ದಾನೆ: ಹಬ್ಬಕ್ಕೆ ರೋಮಿಗೆ ಬರುವ ಯಾತ್ರಿಕರಿಗೆ ಮೇ ತಿಂಗಳಲ್ಲಿ ಹೊಟ್ಟೆಗೆ ಸಿಗುತ್ತಿರಲಿಲ್ಲ, ಸುಗ್ಗಿ ಮುಗಿದ ಮೇಲಾದರೆ ಧಾನ್ಯವೂ ಇತ್ತು, ದ್ರಾಕ್ಷಾರಸವೂ ಇತ್ತು. ಧರ್ಮಶಾಸ್ತ್ರಕ್ಕಿಂತ ಕಣಜದ ಮಾತು ಕೇಳಿದ ಈ ವಿವರಣೆ ನಿಜವಲ್ಲದಿದ್ದರೂ, ಜಾತ್ರೆ ನಡೆಸಿ ಗೊತ್ತಿರುವವನ ಮಾತು.

ಸಂತರಿಗೇನೋ ಒಂದು ದಿನ ಸಿಕ್ಕಿತು. ಸಂತರಲ್ಲದ ಸತ್ತವರಿಗೆ? ಇಲ್ಲಿ ಮತ್ತೆ ಕ್ಲೂನಿಯ ಬಾಗಿಲಿಗೆ ಹೋಗಬೇಕು. 910ರಲ್ಲಿ ಹುಟ್ಟಿದ ಆ ಮಠದ ಐದನೆಯ ಅಧಿಪತಿ ಓಡಿಲೋ. 994ರಿಂದ 1049ರವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ, ಆಳಿದವನು. ಮಠದ ಮೃತರ ಪುಸ್ತಕದಲ್ಲಿ ಸನ್ಯಾಸಿಗಳ ಹೆಸರಿತ್ತು, ಹೊಲ ತೋಟ ಬಿಟ್ಟುಕೊಟ್ಟ ಧನಿಕರ ಹೆಸರೂ ಇತ್ತು. ಆ ಹೊಲ ಉತ್ತವರ ಹೆಸರಿರಲಿಲ್ಲ. ಸಕಲ ಸಂತರ ಹಬ್ಬದ ಸಂಜೆ ಮಠದ ಗಂಟೆಗಳನ್ನೆಲ್ಲ ಬಾರಿಸಿ, ಮರುದಿನ ಲೋಕಾರಂಭದಿಂದ ಸತ್ತ ಎಲ್ಲ ವಿಶ್ವಾಸಿಗಳಿಗಾಗಿ ಬಲಿಪೂಜೆ ಅರ್ಪಿಸಬೇಕು, ಬಡವರಿಗೆ ದಾನ ಕೊಡಬೇಕು ಎಂದು ಓಡಿಲೋ ಶಾಸನ ಮಾಡಿದ. ಪರಂಪರೆ ಹೇಳುವ ಇಸವಿ 998. ಇನ್ನೂ ಕೆಲವು ದಶಕ ಈಚೆಗೆ ಎಳೆಯುವವರೂ ಇದ್ದಾರೆ. ಕ್ಲೂನಿಯ ಶಾಖಾಮಠಗಳು ಯುರೋಪಿನ ಉದ್ದಗಲಕ್ಕೆ ಇದ್ದದ್ದರಿಂದ ನವೆಂಬರ್ 2 ತಾನೇ ತಾನಾಗಿ ಹಬ್ಬಿತು.

ಈ ಶಾಸನದ ಸುತ್ತ ಒಂದು ಕಥೆಯೂ ಬೆಳೆಯಿತು. ಜೆರುಸಲೇಮಿನಿಂದ ಹಿಂತಿರುಗುತ್ತಿದ್ದ ಯಾತ್ರಿಕನೊಬ್ಬ ಬಿರುಗಾಳಿಗೆ ಸಿಕ್ಕಿ ಸಿಸಿಲಿಯ ಹತ್ತಿರದ ನಡುಗಡ್ಡೆಯಲ್ಲಿ ಬಿದ್ದನಂತೆ. ಬೆಂಕಿ ಕಾರುವ ಬೆಟ್ಟದ ಪಕ್ಕ ಒಬ್ಬ ಏಕಾಂತವಾಸಿ ಸಿಕ್ಕಿದ. ಬೆಟ್ಟದೊಳಗಿಂದ ದೆವ್ವಗಳು ಗೋಳಾಡುವುದು ತನಗೆ ಕೇಳಿಸುತ್ತದೆ, ತಾವು ಹಿಂಸಿಸುವ ಆತ್ಮಗಳು ಪ್ರಾರ್ಥನೆ, ದಾನಗಳ ಬಲದಿಂದ ಕೈಜಾರಿ ಹೋಗುತ್ತಿವೆ ಎಂದು ಅವು ಅಳುತ್ತವೆ, ಅದರಲ್ಲೂ ಕ್ಲೂನಿಯವರನ್ನು ಬಯ್ಯುತ್ತವೆ ಎಂದ. ಹೋಗಿ ಓಡಿಲೋಗೆ ಹೇಳು ಎಂದು ಕಳಿಸಿದ. ದೆವ್ವಗಳ ಬಾಯಿಂದ ಇಂಥ ಪ್ರಮಾಣಪತ್ರ ಬರೆಸಿಕೊಳ್ಳುವ ಜಾಣ್ಮೆ ಇಂದಿನ ಜಾಹೀರಾತು ಕಂಪನಿಗಳಿಗೂ ಇಲ್ಲ. ಆದರೂ ಕಥೆಯ ಒಳಗಿನ ಲೆಕ್ಕಾಚಾರ ಗಮನಿಸುವಂಥದ್ದು. ಇಲ್ಲಿ ಒಬ್ಬನಿಗೆ ಅನ್ನವಿಟ್ಟರೆ ಅಲ್ಲಿ ಒಬ್ಬನ ಸಂಕಟ ಇಳಿಯುತ್ತದೆ. ಮಹಾಲಯ ಅಮಾವಾಸ್ಯೆಗೆ ಎಡೆಯಿಟ್ಟು ಕಾಗೆಗೆ ಕಾಯುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಿ ಲೆಕ್ಕವಿದೆಯೋ ಅಲ್ಲಿ ವ್ಯಾಪಾರ ಬರಲು ಹೆಚ್ಚು ಕಾಲ ಬೇಡ. ಸತ್ತವರ ಆತ್ಮ ಸ್ವರ್ಗಕ್ಕೆ ಮುನ್ನ ತಂಗುವ ಶುದ್ಧೀಕರಣ ಸ್ಥಳ ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ನಕ್ಷೆಯಲ್ಲಿ ತೋರಿಸುವಷ್ಟು ಸ್ಪಷ್ಟವಾಯಿತು; ಅಲ್ಲಿನ ವಾಸವನ್ನು ದಿನ, ವರ್ಷಗಳಲ್ಲಿ ಅಳೆಯುವ ರೂಢಿಯೂ ಬಂತು. ಜರ್ಮನಿಯ ವಿಟೆನ್‌ಬರ್ಗಿನ ಕೋಟೆ ಚರ್ಚು ಸಕಲ ಸಂತರ ಹೆಸರಿನದು. ಅದರ ಒಡೆಯ, ಸ್ಯಾಕ್ಸನಿಯ ದೊರೆ ಫ್ರೆಡರಿಕ್, ಸಂತರ ಅವಶೇಷಗಳನ್ನು ಕೂಡಿಡುವುದರಲ್ಲಿ ಪಳಗಿದವನು. 1509ರಲ್ಲಿ ಚಿತ್ರಕಾರ ಲೂಕಸ್ ಕ್ರಾನಾಕ್‌ನಿಂದ ಅವುಗಳ ಸಚಿತ್ರ ಪಟ್ಟಿ ಅಚ್ಚು ಹಾಕಿಸಿದ. ಆಗ 5,005 ತುಣುಕು. 1520ರ ಹೊತ್ತಿಗೆ 19,013. ಯೇಸುವಿನ ಗೋದಲಿಯ ಹುಲ್ಲು, ಮುಳ್ಳಿನ ಕಿರೀಟದ ಒಂದು ಮುಳ್ಳು, ಸಂತ ಜೆರೋಮನ ಒಂದು ಹಲ್ಲು. ಸಕಲ ಸಂತರ ಹಬ್ಬದ ದಿನ ಇವನ್ನು ನೋಡಿ ಕಾಣಿಕೆ ಹಾಕಿದವರಿಗೆ ಶುದ್ಧೀಕರಣ ಸ್ಥಳದ ವಾಸದಲ್ಲಿ ಒಟ್ಟು ಹತ್ತೊಂಬತ್ತು ಲಕ್ಷ ವರ್ಷಗಳವರೆಗೆ ರಿಯಾಯಿತಿ!

ಹಬ್ಬದ ಹಿಂದಿನ ದಿನ, 1517ರ ಅಕ್ಟೋಬರ್ 31ರಂದು, ಅದೇ ಊರಿನ ಪ್ರಾಧ್ಯಾಪಕ ಮಾರ್ಟಿನ್ ಲೂಥರ್ ಇಂಥ ರಿಯಾಯಿತಿಯ ಕ್ಷಮಾಪತ್ರಗಳನ್ನು ಪ್ರಶ್ನಿಸುವ 95 ವಾದಗಳನ್ನು ಮೈಂಜಿನ ಆರ್ಚ್‌ಬಿಷಪ್‌ಗೆ ಕಳುಹಿಸಿದ. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದನೋ ಇಲ್ಲವೋ ಎಂಬುದು ಬೇರೆ ತಕರಾರು. ಶಾಲೆಯ ಇತಿಹಾಸ ಪುಸ್ತಕದಲ್ಲಿ ಎಲ್ಲರೂ ಓದಿದ ಈ ತಾರೀಖಿನ ಮಗ್ಗುಲಲ್ಲಿ ಒಂದು ಹಬ್ಬವಿತ್ತು, ಮರುದಿನ ಅದಕ್ಕೆ ಜನ ನೆರೆಯುತ್ತಿದ್ದರು ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಲೂಥರನ ಹಾದಿ ಹಿಡಿದವರು ಶುದ್ಧೀಕರಣ ಸ್ಥಳವನ್ನೇ ಕೈಬಿಟ್ಟರು, ಸತ್ತವರಿಗಾಗಿ ಪ್ರಾರ್ಥನೆ ನಿಂತಿತು. ಆದರೆ ಜನ ಗೋರಿಯ ಕಡೆ ಹೋಗುವುದನ್ನು ಬಿಟ್ಟರೇ? 1816ರಲ್ಲಿ ಪ್ರಷ್ಯಾದ ದೊರೆ ಪ್ರಾಟೆಸ್ಟಂಟರಿಗೂ ಮೃತರ ಸ್ಮರಣೆಯ ಭಾನುವಾರವೊಂದನ್ನು ಗೊತ್ತುಮಾಡಬೇಕಾಯಿತು. ಲೂಥರನ್ನರ ನಾಡಾದ ಸ್ವೀಡನ್ 1953ರಲ್ಲಿ ಸಕಲ ಸಂತರ ದಿನವನ್ನು ಒಂದು ಶನಿವಾರಕ್ಕೆ ಸರಿಸಿ ರಜೆ ಕೊಟ್ಟಿತು; ಈಗ ಅಲ್ಲಿನ ಸ್ಮಶಾನಗಳು ಆ ಸಂಜೆ ಮೇಣದ ದೀಪಗಳಿಂದ ತುಂಬಿರುತ್ತವೆ.

ಈ ಹಬ್ಬದ ಇತಿಹಾಸದಲ್ಲಿ ಅತಿ ಘೋರವಾದ ಬೆಳಗು ಲಿಸ್ಬನ್ನಿನದು. 1755ರ ನವೆಂಬರ್ 1, ಶನಿವಾರ. ಒಂಬತ್ತೂವರೆ ದಾಟಿತ್ತು. ಚರ್ಚುಗಳಲ್ಲಿ ಕಾಲಿಡಲು ಜಾಗವಿಲ್ಲ, ಪೀಠದ ಮೇಲೆ ಹಬ್ಬದ ಮೇಣದ ಬತ್ತಿಗಳು ಉರಿಯುತ್ತಿದ್ದವು. ನೆಲ ಕೆಲವು ನಿಮಿಷ ಅಲುಗಿತು, ಕಲ್ಲಿನ ಕಮಾನುಗಳು ಪ್ರಾರ್ಥಿಸುತ್ತಿದ್ದವರ ಮೇಲೆ ಬಿದ್ದವು. ಉಳಿದವರು ಬಯಲು ಹುಡುಕಿ ಟೇಗಸ್ ನದಿಯ ದಡಕ್ಕೆ ಓಡಿದರೆ, ನೀರು ಹಿಂದಕ್ಕೆ ಸರಿದು ಮತ್ತೆ ಗೋಡೆಯಂತೆ ಎದ್ದು ಬಂತು. ಬಿದ್ದ ಬತ್ತಿಗಳಿಂದಲೂ ಒಲೆಗಳಿಂದಲೂ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ರೊಸಿಯೊ ಚೌಕದ ದೊಡ್ಡಾಸ್ಪತ್ರೆ ರೋಗಿಗಳ ಸಮೇತ ಸುಟ್ಟಿತು; ಆ ಆಸ್ಪತ್ರೆಯ ಹೆಸರೂ ಸಕಲ ಸಂತರದ್ದೇ. ಸತ್ತವರು ಮೂವತ್ತು ಸಾವಿರವೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು, ಕಡಿಮೆ ಹೇಳುವವರೂ ಹೆಚ್ಚು ಹೇಳುವವರೂ ಇದ್ದಾರೆ.

ಮರುದಿನ ಸಕಲ ಮೃತರ ಸ್ಮರಣೆ. ನೆನೆಯಬೇಕಾದವರು ಇನ್ನೂ ಕಲ್ಲಿನಡಿಯೇ ಇದ್ದರು. ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ಕರ್ವಾಲ್ಯೊ, ಕೊಳೆತ ಹೆಣಗಳಿಂದ ರೋಗ ಹರಡೀತೆಂದು, ಧರ್ಮಗುರುಗಳ ಒಪ್ಪಿಗೆ ಪಡೆದು, ಅವನ್ನು ದೋಣಿಗಳಿಗೆ ತುಂಬಿಸಿ ಭಾರ ಕಟ್ಟಿ ಕಡಲಿಗೆ ಇಳಿಸಿದ. ಮಣ್ಣೇ ಸಿಗದ ಮೇಲೆ ಗೋರಿಯ ಕಲ್ಲಿನ ಮಾತೆಲ್ಲಿ? ಇದೇ ಮಂತ್ರಿ ಮುಂದೆ ರಾಜ್ಯದ ಚರ್ಚುಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿದ: ನಡುಕ ಎಷ್ಟು ಹೊತ್ತು ಇತ್ತು, ಕಡಲು ಏರಿತೋ ಇಳಿಯಿತೋ, ಎಷ್ಟು ಮಂದಿ ಸತ್ತರು? ಗುರುಗಳು ಬರೆದ ಉತ್ತರಗಳಿಂದಲೇ ಇಂದಿನ ಭೂಕಂಪಶಾಸ್ತ್ರಜ್ಞರು ಆ ಬೆಳಗನ್ನು ಮರುಕಟ್ಟುತ್ತಾರೆ. ಎಲ್ಲ ಸಂತರ ದಿನವೇ, ಎಲ್ಲ ಚರ್ಚುಗಳ ಮೇಲೆಯೇ ದೇವರು ಹೀಗೆ ಮಾಡಿದ್ದೇಕೆ ಎಂಬ ಪ್ರಶ್ನೆ ಯುರೋಪನ್ನು ಬಹುಕಾಲ ಕಾಡಿತು. ವಾಲ್ಟೇರ್ ಪದ್ಯ ಬರೆದ, 1759ರಲ್ಲಿ ‘ಕಾಂಡೀಡ್’ ಬರೆದ. ಕಾಂಟ್ ಭೂಕಂಪದ ಭೌತಿಕ ಕಾರಣ ಹುಡುಕಿ ಪ್ರಬಂಧಗಳನ್ನು ಬರೆದ. ಪೋರ್ಚುಗಲ್ಲಿನ ಮಕ್ಕಳು ಇಂದಿಗೂ ಹಲವು ಊರುಗಳಲ್ಲಿ ನವೆಂಬರ್ 1ರ ಬೆಳಿಗ್ಗೆ ಬಟ್ಟೆಚೀಲ ಹಿಡಿದು, ದೇವರ ಹೆಸರಿನಲ್ಲಿ ರೊಟ್ಟಿ ಕೊಡಿ ಎಂದು ಮನೆಮನೆ ಸುತ್ತುತ್ತಾರೆ.

ಇಪ್ಪತ್ತನೆಯ ಶತಮಾನದ ಯುದ್ಧಗಳು ಪಟ್ಟಿಯ ಹಂಗನ್ನೇ ಹರಿದವು. 1915ರ ಆಗಸ್ಟಿನಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟ್, ಕ್ರಿಸ್ಮಸ್ಸಿಗಿದ್ದ ಸವಲತ್ತನ್ನು ನವೆಂಬರ್ 2ಕ್ಕೂ ಕೊಟ್ಟು, ಪ್ರತಿಯೊಬ್ಬ ಗುರು ಆ ದಿನ ಮೂರು ಬಲಿಪೂಜೆ ಅರ್ಪಿಸಬಹುದೆಂದ. ಸಾಯುವವರು ಅಷ್ಟಿದ್ದರು. ಸರ್ಕಾರಗಳು ತಮ್ಮದೇ ದಾರಿ ಹಿಡಿದವು. 1920ರ ನವೆಂಬರ್ 11ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹೆಸರು ತಿಳಿಯದ ಸೈನಿಕನೊಬ್ಬನನ್ನು ಅರಸರ ನಡುವೆ ಹೂಳಿದರು, ಅದೇ ದಿನ ಪ್ಯಾರಿಸ್ಸಿನ ವಿಜಯದ್ವಾರಕ್ಕೆ ಇನ್ನೊಬ್ಬನನ್ನು ತಂದರು. ಫ್ರಾನ್ಸಿನಲ್ಲಿ ನವೆಂಬರ್ 1 ನೆಪೋಲಿಯನ್ನನ ಕಾಲದಿಂದಲೂ ಸರ್ಕಾರಿ ರಜೆ. ಜನ ಸೇವಂತಿಗೆಯ ಕುಂಡಗಳನ್ನು ಗೋರಿಗೆ ಒಯ್ಯುತ್ತಾರೆ. ಇಲ್ಲಿಂದ ಹೋದವರು ಅಕ್ಕರೆಯಿಂದ ಸೇವಂತಿಗೆ ಹಿಡಿದು ಫ್ರೆಂಚರ ಮನೆಗೆ ಊಟಕ್ಕೆ ಹೋಗದಿರುವುದು ಒಳ್ಳೆಯದು.

ಇನ್ನೊಂದು ಹೂವಿನ ದಾರಿ ಇದಕ್ಕೆ ತಿರುಗುಮುರುಗು. ಮೆಕ್ಸಿಕೋದಲ್ಲಿ ಈ ಎರಡು ದಿನ ಸತ್ತವರು ಮನೆಗೆ ಬರುತ್ತಾರೆಂಬ ನಂಬಿಕೆ. ಮೊದಲ ದಿನ ಮಕ್ಕಳು, ಮರುದಿನ ದೊಡ್ಡವರು. ಹದಿನಾರನೆಯ ಶತಮಾನದಲ್ಲಿ ಅಲ್ಲಿದ್ದ ಡೊಮಿನಿಕನ್ ಸನ್ಯಾಸಿ ಡಿಯಾಗೋ ದುರಾನ್‌ಗೆ ಇದನ್ನು ನೋಡಿ ಗುಮಾನಿ ಬಂದಿತ್ತು. ಅಜ್ಟೆಕರ ಹಳೆಯ ಪಂಚಾಂಗದಲ್ಲೂ ಸತ್ತ ಎಳೆಯರಿಗೊಂದು, ಸತ್ತ ಹಿರಿಯರಿಗೊಂದು ಹಬ್ಬವಿತ್ತು. ಕ್ರೈಸ್ತ ಹಬ್ಬದ ಮರೆಯಲ್ಲಿ ಜನ ಹಳೆಯದನ್ನೇ ನಡೆಸುತ್ತಿದ್ದಾರೆಂದು ಅವನು ಬರೆದಿಟ್ಟ. ನಾಲ್ಕೂವರೆ ಶತಮಾನವಾದರೂ ನಡೆಸುತ್ತಲೇ ಇದ್ದಾರೆ. ಮೇಜಿನ ಮೇಲೆ ಭಾವಚಿತ್ರ, ಒಂದು ಲೋಟ ನೀರು, ಉಪ್ಪು, ಧೂಪ, ಸತ್ತವರಿಗೆ ಇಷ್ಟವಾಗಿದ್ದ ತಿಂಡಿ, ಬೇಕಾದರೆ ಮದ್ಯ. ಹೊಸಿಲಿನಿಂದ ಮೇಜಿನವರೆಗೆ ದಾರಿ ತೋರಿಸಲು ಚೆಂಡು ಹೂವಿನ ಎಸಳು ಚೆಲ್ಲುತ್ತಾರೆ. ಈ ಚೆಂಡು ಹೂವಿನ ತವರೂ ಮೆಕ್ಸಿಕೋ. ಪೋರ್ಚುಗೀಸರ ಕಾಲದಲ್ಲಿ ಸಮುದ್ರ ದಾಟಿ ಬಂದು, ಗುಂಡ್ಲುಪೇಟೆಯ ಹೊಲಗಳಲ್ಲಿ ಬೇರುಬಿಟ್ಟು, ಆಯುಧಪೂಜೆಯಂದು ಲಾರಿಗಳ ಕೊರಳಿಗೆ ಏರಿದೆ. 2008ರಲ್ಲಿ ಯುನೆಸ್ಕೊ ಮೆಕ್ಸಿಕೋದ ಆ ಹಬ್ಬವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. 2015ರ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ನಲ್ಲಿ ಮೆಕ್ಸಿಕೋ ನಗರದ ಭಾರಿ ಮೆರವಣಿಗೆ ಬರುತ್ತದೆ. ಅಂಥ ಮೆರವಣಿಗೆ ಅಲ್ಲಿ ಇರಲೇ ಇಲ್ಲ. ಸಿನಿಮಾ ನೋಡಿ ಪ್ರವಾಸಿಗರು ಕೇಳುತ್ತಾರೆಂದು 2016ರಿಂದ ಶುರುವಾಯಿತು.

ಕರ್ನಾಟಕದಲ್ಲಿ ನವೆಂಬರ್ 1 ಎಂದರೆ ಎಲ್ಲರಿಗೂ ಬೇರೊಂದು ಪಟ್ಟಿ ನೆನಪಾಗುತ್ತದೆ. ರಾಜ್ಯೋತ್ಸವ ಪ್ರಶಸ್ತಿಯದು. ಅದರಲ್ಲಿ ಹೆಸರಿಲ್ಲದವರ ಅಸಮಾಧಾನವೂ ಆ ಹಬ್ಬದ ಒಂದು ಅಂಗವೇ. 1956ರಲ್ಲಿ ರಾಜ್ಯ ಒಂದಾದ ದಿನ ಸಕಲ ಸಂತರ ಹಬ್ಬದಂದೇ ಬಂದದ್ದು ಕಾಕತಾಳೀಯ. ಅಧಿಕೃತ ಸಂತರ ಸಾಲಿನಲ್ಲಿ ಈ ನೆಲದಲ್ಲಿ ತಿರುಗಿದವರು ಇದ್ದಾರೆ: ಗೋವೆಯಲ್ಲಿ ಹುಟ್ಟಿದ ಜೋಸೆಫ್ ವಾಜ್ ಅವರು 1681ರಿಂದ ಸುಮಾರು ಮೂರು ವರ್ಷ ಮಂಗಳೂರು, ಬಸ್ರೂರು, ಗಂಗೊಳ್ಳಿಗಳ ಕಡೆ ಸೇವೆ ಮಾಡಿ, ಆಮೇಲೆ ಶ್ರೀಲಂಕೆಗೆ ಹೋಗಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಅದೇ ಕರಾವಳಿಯಿಂದ 1784ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಶ್ರೀರಂಗಪಟ್ಟಣಕ್ಕೆ ಒಯ್ದ ಕ್ರೈಸ್ತರಲ್ಲಿ ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಅನೇಕ. ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ, ಹೆಚ್ಚಿನವರಿಗೆ ಗೋರಿಯಿಲ್ಲ. ಅಂಥವರಿಗೆ ಪಂಚಾಂಗದಲ್ಲಿ ದಿನವಿದ್ದರೆ ಅದು ನವೆಂಬರ್ 2.

ಮಂಗಳೂರಾಗಲಿ ಬೆಂಗಳೂರಾಗಲಿ, ಹಬ್ಬಕ್ಕೆ ವಾರವಿರುವಾಗಲೇ ಸ್ಮಶಾನದಲ್ಲಿ ಕುಡುಗೋಲಿನ ಸದ್ದು ಕೇಳಿಸುತ್ತದೆ. ಮಳೆಗಾಲದಲ್ಲಿ ಎದ್ದ ಹುಲ್ಲು ಸವರಿ, ಗೋರಿಗೆ ಸುಣ್ಣ ಬಳಿದು, ಶಿಲುಬೆಯ ಮೇಲಿನ ಮಾಸಿದ ಅಕ್ಷರಗಳಿಗೆ ಮತ್ತೆ ಕಪ್ಪು ಬಣ್ಣ ತುಂಬುತ್ತಾರೆ. ಗೇಟಿನ ಹೊರಗೆ ಹೂವು, ಮೇಣದ ಬತ್ತಿ, ಊದುಬತ್ತಿಯ ಮಾರಾಟ. ಬಲಿಪೂಜೆ ಮುಗಿದ ಮೇಲೆ ಗುರುಗಳು ಸಾಲುಸಾಲಾಗಿ ಪವಿತ್ರ ಜಲ ಚಿಮುಕಿಸುತ್ತ ಬರುತ್ತಾರೆ. ಮನೆಯವರು ತಮ್ಮ ತಮ್ಮ ಗೋರಿಯ ಬಳಿ ನಿಂತು ಕಾಯುತ್ತಾರೆ. ಹಲವು ಚರ್ಚುಗಳಲ್ಲಿ ಸತ್ತವರ ಹೆಸರು ಬರೆದುಕೊಡಲು ಲಕೋಟೆ ಹಂಚುವುದುಂಟು. ಓದಿ ಮುಗಿಸಲಾಗದಷ್ಟು ಹೆಸರು ಬರುವುದರಿಂದ ಲಕೋಟೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಪೀಠದ ಬಳಿ ಇಟ್ಟುಬಿಡುತ್ತಾರೆ. ಎಲ್ಲ ಗೋರಿಗಳಿಗೂ ಜನ ಬರುವುದಿಲ್ಲ. ಮಕ್ಕಳು ದುಬೈ, ಕೆನಡಾ ಸೇರಿದ್ದಾರೆ, ಇಲ್ಲವೇ ಮನೆತನವೇ ಮುಗಿದಿದೆ. ಪಕ್ಕದ ಗೋರಿಗೆ ಬಂದವರೇ ತಮ್ಮ ಪೊಟ್ಟಣದಲ್ಲಿ ಉಳಿದ ಒಂದು ಬತ್ತಿಯನ್ನು ಅಲ್ಲಿ ಹಚ್ಚಿ ಹೋಗುತ್ತಾರೆ. ಇದನ್ನು ಯಾವ ಮಠಾಧಿಪತಿಯೂ ವಿಧಿಸಿಲ್ಲ.

ಬೆಂಗಳೂರಿನಂಥ ಊರಿನಲ್ಲಿ ಈಗ ಕಷ್ಟವಿರುವುದು ಜಾಗದ್ದು. ಹಳೆಯ ಕ್ರೈಸ್ತ ಸ್ಮಶಾನಗಳು ತುಂಬಿಹೋಗಿವೆ. ಒಂದೇ ಗುಂಡಿಯನ್ನು ಕೆಲವು ವರ್ಷ ಬಿಟ್ಟು ಮತ್ತೆ ತೆರೆದು ಅದೇ ಕುಟುಂಬದ ಇನ್ನೊಬ್ಬರನ್ನು ಇಡುವುದು ಸಾಮಾನ್ಯವಾಗಿದೆ. ಕೋವಿಡ್ ಬಂದ 2020ರಲ್ಲಿ ಸ್ಮಶಾನಗಳಲ್ಲಿ ಜನ ನೆರೆಯುವುದೇ ಅಪಾಯವಾಯಿತು. ನವೆಂಬರ್ 1ರಿಂದ 8ರೊಳಗೆ ಸ್ಮಶಾನಕ್ಕೆ ಹೋಗಿ ಪ್ರಾರ್ಥಿಸಿದವರಿಗೆ ಸಲ್ಲುತ್ತಿದ್ದ ವಿಶೇಷ ಅನುಗ್ರಹವನ್ನು ವ್ಯಾಟಿಕನ್ ಆ ವರ್ಷ ತಿಂಗಳಿಡೀ ಹಿಗ್ಗಿಸಿತು, ಮರುವರ್ಷವೂ ಹಾಗೆಯೇ ಮಾಡಿತು. ಈಗ ಮತ್ತೆ ಎಂಟೇ ದಿನ. ನವೆಂಬರ್ 1ಕ್ಕೆ ರಾಜ್ಯೋತ್ಸವದ ರಜೆಯಿರುವುದರಿಂದ ಸಂತರ ಹಬ್ಬದ ಬಲಿಪೂಜೆಗೆ ಬರುವುದು ಸುಲಭ. 2ಕ್ಕೆ ರಜೆಯಿಲ್ಲ. ಹಾಗಾಗಿ ಅನೇಕ ಕಡೆ ಸ್ಮಶಾನದ ಪೂಜೆಯನ್ನು ಸಂಜೆಗೆ ಇಟ್ಟುಕೊಳ್ಳುತ್ತಾರೆ. ಆಫೀಸು ಬಿಟ್ಟವರು ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ನೇರ ಅಲ್ಲಿಗೆ ಬಂದು, ಗೇಟಿನ ಬಳಿ ಹೂವಿಗೆ ಚೌಕಾಸಿ ಮಾಡುತ್ತಾರೆ.